ಜಾರ್ ಸರಿ, ಅದು ಯಾವ ಬಾಯಿಯದು? ಒಬ್ಬ ಹವಾಮಾನ ವಿಜ್ಞಾನಿಯ ವೃತ್ತಿ ಬದುಕನ್ನು ತೂಗಿ ನೋಡುವ ಬಗೆ

ಕೊಪ್ಪಳದ ಗವಿಮಠದ ಜಾತ್ರೆ ಮುಗಿಸಿಕೊಂಡು ನನ್ನ ಹಳೆ ವಿದ್ಯಾರ್ಥಿನಿಯೊಬ್ಬಳು ಬೆಂಡು-ಬತ್ತಾಸಿನ ಪೊಟ್ಟಣ ಹಿಡಿದು ಗಂಗಾವತಿಯ ನಮ್ಮ ಮನೆಗೆ ಬಂದಿದ್ದಳು. ಬಳ್ಳಾರಿಯಲ್ಲಿ ಬಿ.ಎಸ್ಸಿ. ಓದುತ್ತಾಳೆ. ಚಹಾ ಆರುವಷ್ಟರಲ್ಲಿ ಚೀಲದಿಂದ ಒಂದು ತೆಳು ಪುಸ್ತಿಕೆ ತೆಗೆದಳು, ಹಾಸ್ಟೆಲ್‌ನಲ್ಲಿ ಯಾರೋ ಕೊಟ್ಟದ್ದಂತೆ. "ಸರ, ಇವರು ಹವಾಮಾನ ವಿಜ್ಞಾನಿ. ಪಿಎಚ್‌.ಡಿ. ಆಗೈತಿ. ಮೋಡದ ಮ್ಯಾಲೆ ಕೆಲಸ ಮಾಡ್ಯಾರ. ಭೂಮಿ ಹುಟ್ಟಿ ಕೆಲವು ಸಾವಿರ ವರ್ಷ ಅಷ್ಟೇ ಆತು ಅಂತಾರ. ನಂಬಬೇಕೋ ಬ್ಯಾಡೋ?"

ನಾನು ಉತ್ತರ ಕೊಡಲಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದ ಮೇಲೆ ಇಷ್ಟಂತೂ ಗೊತ್ತಾಗಿದೆ: ನಾನು 'ಬೇಡ' ಅಂದರೆ ಅವಳು ಒಬ್ಬ ಪಿಎಚ್‌.ಡಿ.ಯವರ ಮಾತು ಬಿಟ್ಟು ಒಬ್ಬ ಬಿ.ಎಡ್. ಮೇಷ್ಟ್ರ ಮಾತು ಹಿಡಿದಂತಾಗುತ್ತದೆ, ಅಷ್ಟೇ. ಅದಕ್ಕೇ ಇಬ್ಬರೂ ಒಂದು ಉದ್ದನೆ ನೋಟ್‌ಬುಕ್ ತೆಗೆದುಕೊಂಡು ಜಗುಲಿಯ ಮೇಲೆ ಕೂತೆವು. ದೀಪ ಹಚ್ಚುವ ಹೊತ್ತಿನ ತನಕ ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಶಾಲೆಯ ವಿಜ್ಞಾನ ಸಂಘದಲ್ಲಿ ಎರಡು ಶನಿವಾರಕ್ಕೆ ಆಗುವಷ್ಟು ಕೆಲಸ. ಬೇಕಾಗುವ ಸಾಮಾನು: ಒಂದು ಮಳೆಮಾಪಕ, ಸ್ಟೀಲಿನ ಡಬ್ಬಿ, ನಾಲ್ಕೈದು ಬತ್ತಾಸು, ಒಂದು ಸ್ಲೇಟು.

ಮೊದಲು ಪುಸ್ತಿಕೆಯನ್ನು ಬದಿಗಿಡಿ. ಅದರಲ್ಲಿರುವ ವಾದಕ್ಕೆ ಪ್ರತಿವಾದ ಹೂಡಲು ಹೋದರೆ ಸಂಜೆಗೆ ಗಂಟಲು ನೋಯುತ್ತದೆ, ಬೇರೇನೂ ಆಗುವುದಿಲ್ಲ. ಆ ಮನುಷ್ಯ ಬದುಕಿನಲ್ಲಿ ಏನೇನು ಅಳೆದರು ಎಂಬುದನ್ನು ಬರೆದುಕೊಳ್ಳಿ. ಪುಟದ ಮೇಲೆ ನಾಲ್ಕು ಕಾಲಂ ಎಳೆಯಿರಿ. ಒಂದರಲ್ಲಿ ವರ್ಷ ಮತ್ತು ಊರು. ಎರಡರಲ್ಲಿ ಸಂಬಳ ಕೊಟ್ಟವರು. ಮೂರರಲ್ಲಿ ಏನು ಅಳೆದರು. ನಾಲ್ಕನೆಯದು ಅಗಲವಾಗಿರಲಿ: ಅಳತೆ ತಪ್ಪಿದ್ದರೆ ಅದು ಅವರಿಗೆ ಹೇಗೆ ಗೊತ್ತಾಗುತ್ತಿತ್ತು?

ನಾವು ತೆಗೆದುಕೊಂಡದ್ದು ಲ್ಯಾರಿ ವಾರ್ಡಿಮನ್ ಎಂಬ ಅಮೆರಿಕನ್ನರ ಬದುಕು. ಭೂಮಿಗೆ ಕೆಲವೇ ಸಾವಿರ ವರ್ಷ ಎನ್ನುವ ಹವಾಮಾನ ತಜ್ಞರು ಅವರೊಬ್ಬರೇ ಅಲ್ಲ. ಮಾಂಟಾನಾದ ಗ್ರೇಟ್ ಫಾಲ್ಸ್‌ನಲ್ಲಿ ಸರ್ಕಾರಿ ಹವಾಮಾನ ಇಲಾಖೆಯಲ್ಲಿ ಮುನ್ಸೂಚನೆ ಬರೆಯುತ್ತಿದ್ದು 2001ರಲ್ಲಿ ನಿವೃತ್ತರಾದ ಮೈಕೆಲ್ ಓರ್ಡ್ ಕೂಡ ಇದ್ದಾರೆ. ಬೈಬಲಿನಲ್ಲಿ ಬರುವ ನೋಹನ ಕಾಲದ ಮಹಾಪ್ರಳಯದಿಂದಲೇ ಹಿಮಯುಗ ಬಂತು ಎಂಬುದು ಅವರ ವಾದ. ಆದರೆ ಕಲಿಯುವವರಿಗೆ ವಾರ್ಡಿಮನ್ನರ ಪುಟ ಹೆಚ್ಚು ಒಳ್ಳೆಯದು. ಯಾಕೆ ಅಂತ ಮುಂದೆ ತಿಳಿಯುತ್ತದೆ.

ಮಿಸೌರಿಯ ರೋಲಾದಲ್ಲಿ ಭೌತಶಾಸ್ತ್ರದ ಪದವಿ. ಆಮೇಲೆ ಸೇಂಟ್ ಲೂಯಿ ವಿಶ್ವವಿದ್ಯಾಲಯದಲ್ಲಿ ಹವಾಮಾನಶಾಸ್ತ್ರ. 1974ರಲ್ಲಿ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದಿಂದ ವಾತಾವರಣ ವಿಜ್ಞಾನದಲ್ಲಿ ಪಿಎಚ್‌.ಡಿ. ನೀರಾವರಿ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಬ್ಯೂರೋ ಆಫ್ ರೆಕ್ಲಮೇಶನ್‌ಗಾಗಿ ಮೋಡ ಬಿತ್ತನೆಯ ಸಂಶೋಧನೆ, ಕ್ಯಾಲಿಫೋರ್ನಿಯಾದ ಸಿಯೆರಾ ಬೆಟ್ಟಸಾಲಿನಲ್ಲಿ. ಇಲ್ಲಿಯವರೆಗೆ ಬರೆದು ಪೆನ್ನು ಕೆಳಗಿಡಿ. ಈ ಸಾಲಿನ ಮೂರನೆಯ ಕಾಲಂ ಬಹಳ ರುಚಿಯಾಗಿದೆ, ಓಡಿಸಿಕೊಂಡು ಹೋಗಬೇಡಿ.

ಮೋಡ ಬಿತ್ತನೆ ಅಂದರೆ ನಮ್ಮ ಕಡೆಯ ಹುಡುಗರಿಗೆ ಬಿಡಿಸಿ ಹೇಳಬೇಕಿಲ್ಲ. 2003ರಲ್ಲಿ 'ವರುಣ', 2017ರಲ್ಲಿ 'ವರ್ಷಧಾರಿ' ಎಂದು ಸರ್ಕಾರ ವಿಮಾನ ಹಾರಿಸಿದಾಗ ಊರೆಲ್ಲ ಕತ್ತೆತ್ತಿ ನಿಂತಿತ್ತು. ವಿಮಾನ ಹೋದ ಮೇಲೆ ಮಳೆ ಬಂದರೆ 'ಬಿತ್ತಿದ್ದಕ್ಕೆ ಬಂತು', ಬರದಿದ್ದರೆ 'ಮೋಡ ಸರಿ ಇರಲಿಲ್ಲ'. ಅದರ ಮೂಲ 1946ರದು. ಆ ವರ್ಷ ಅಮೆರಿಕದಲ್ಲಿ ವಿನ್ಸೆಂಟ್ ಶೇಫರ್ ಒಣ ಮಂಜುಗಡ್ಡೆ ಎರಚಿ ಮೋಡದಲ್ಲಿ ಹಿಮ ಹುಟ್ಟಿಸಿದರು. ಅದೇ ಹೊತ್ತಿಗೆ ಬರ್ನಾರ್ಡ್ ವಾನಗಟ್ ಸಿಲ್ವರ್ ಅಯೊಡೈಡ್ ಆ ಕೆಲಸ ಮಾಡುತ್ತದೆಂದು ಕಂಡುಕೊಂಡರು. ಶೂನ್ಯಕ್ಕಿಂತ ಕೆಳಗೆ ಇಳಿದರೂ ಗಡ್ಡೆಕಟ್ಟದೆ ನೀರಾಗಿಯೇ ಉಳಿದ ಹನಿಗಳಿಗೆ ಸಿಲ್ವರ್ ಅಯೊಡೈಡಿನ ಕಣ ಹಿಮದ ಹರಳಿನಂತೆಯೇ ಕಾಣುತ್ತದೆ. ಹನಿ ಅದಕ್ಕೆ ಅಂಟಿ ಹರಳಾಗುತ್ತದೆ, ಭಾರವಾಗಿ ಬೀಳುತ್ತದೆ. ಲೆಕ್ಕ ಸರಳ. ತೊಡಕು ಎಲ್ಲಿ ಅಂದರೆ, ಮೋಡದೊಳಗೆ ಇಳಿದು ನೋಡಿದಾಗ ಬೀಜದ ಕಣ ಎಷ್ಟಿವೆಯೋ ಅದಕ್ಕಿಂತ ಎಷ್ಟೋ ಹೆಚ್ಚು ಹಿಮದ ಹರಳು ಸಿಗುತ್ತಿದ್ದವು. ಮೋಡ ತಾನೇ ಹರಳನ್ನು ಹೆಚ್ಚಿಸಿಕೊಳ್ಳುತ್ತಿದ್ದರೆ ನಾವು ಮೇಲೆ ಬಿತ್ತುವುದು ಯಾಕೆ?

ವಾರ್ಡಿಮನ್ ಈ ತೊಡಕಿಗೇ ಕೈ ಹಾಕಿದರು. ಬೀಳುವ ಹಿಮದ ಹರಳು ತಟ್ಟೆಗೆ ಬಡಿದರೆ ಎಷ್ಟು ಚೂರಾಗುತ್ತದೆ ಎಂದು ಕ್ಯಾಮೆರಾದಲ್ಲಿ ಹಿಡಿದು ಎಣಿಸಿದರು. ಮೋಡದಲ್ಲಿ ಹರಳಿಗೆ ಹರಳು ಡಿಕ್ಕಿ ಹೊಡೆದರೂ ಹೀಗೇ ಚೂರಾಗುತ್ತವೆ, ಒಂದು ಹತ್ತಾಗುತ್ತದೆ ಎಂದು 1978ರಲ್ಲಿ ಜರ್ನಲ್ ಆಫ್ ದಿ ಅಟ್ಮಾಸ್ಫಿಯರಿಕ್ ಸೈನ್ಸಸ್‌ನಲ್ಲಿ ಬರೆದರು. ಮೋಡದ ಭೌತಶಾಸ್ತ್ರ ಮಾಡುವವರು ಇವತ್ತಿಗೂ ಆ ಲೇಖನವನ್ನು ಉಲ್ಲೇಖಿಸುತ್ತಾರೆ.

ಇದನ್ನು ಮಕ್ಕಳಿಗೆ ಮಾಡಿಸಲು ಬತ್ತಾಸು ಬೇಕು. ಸ್ಟೀಲಿನ ಡಬ್ಬಿಯಲ್ಲಿ ನಾಲ್ಕು ಬತ್ತಾಸು ಹಾಕಿ, ಮುಚ್ಚಿ, ಹತ್ತು ಸಲ ಅಲ್ಲಾಡಿಸಿ, ಕರಿ ಸ್ಲೇಟಿನ ಮೇಲೆ ಸುರಿದು ಚೂರು ಎಣಿಸಿ. ಆಮೇಲೆ ನಾಲ್ಕು ಕಲ್ಲುಸಕ್ಕರೆ ಹಾಕಿ ಅದೇ ಮಾಡಿ. ಬತ್ತಾಸು ಮೂವತ್ತು-ನಲವತ್ತು ಚೂರಾಗಿರುತ್ತದೆ. ಕಲ್ಲುಸಕ್ಕರೆ ನಾಲ್ಕಕ್ಕೆ ಐದಾದರೆ ಹೆಚ್ಚು. ಹಿಮದಲ್ಲೂ ಹೀಗೇ: ಕವಲೊಡೆದ, ಮೈತುಂಬ ಹೆಪ್ಪುಹನಿ ಅಂಟಿಸಿಕೊಂಡ ಹರಳು ಬಲುಬೇಗ ಒಡೆಯುತ್ತದೆ. ನನ್ನ ಹುಡುಗಿ ಎಣಿಸುತ್ತ ಎಣಿಸುತ್ತ ಹತ್ತನೆಯ ಚೂರನ್ನು ಬಾಯಿಗೆ ಹಾಕಿಕೊಂಡಳು. ಲೆಕ್ಕ ತಪ್ಪಿತು, ಮತ್ತೆ ಮಾಡಿದೆವು.

ಈಗ ನಾಲ್ಕನೆಯ ಕಾಲಂ. ವಾರ್ಡಿಮನ್ ತಪ್ಪಿದ್ದರೆ ಹೇಗೆ ಗೊತ್ತಾಗುತ್ತಿತ್ತು? ಬೇರೆಯವರು ತಟ್ಟೆ ಇಟ್ಟು ಎಣಿಸಬಹುದು, ಮೋಡದೊಳಗೆ ವಿಮಾನ ಕಳಿಸಿ ಹರಳು ಹಿಡಿಯಬಹುದು. ದಾರಿಗಳಿವೆ. ಬರೆದುಕೊಳ್ಳಿ. ಈ ಮನುಷ್ಯ ನಿಜವಾದ ವಿಜ್ಞಾನಿ. ಮುಂದೆ ಏನೇ ಮಾಡಿರಲಿ, ಈ ಸಾಲನ್ನು ಹೊಡೆದುಹಾಕುವ ಹಕ್ಕು ನಮಗಿಲ್ಲ. ನನ್ನ ಕೆಲವು ಗೆಳೆಯರು ಇಲ್ಲೇ ಎಡವುತ್ತಾರೆ. "ಅಯ್ಯೋ ಬೈಬಲ್ ಮಂದಿ ಬಿಡ್ರಿ" ಅಂದುಬಿಡುತ್ತಾರೆ. ಹಾಗಂದ ಕೂಡಲೇ ಎದುರಿಗೆ ಕೂತ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಅವತ್ತಿನ ಪಾಠ ಅಲ್ಲಿಗೆ ಮುಗೀತು.

ಮುಂದಿನ ಸಾಲಿಗೆ ಹೋಗುವ ಮೊದಲು ನನ್ನದೇ ಒಂದು ತಪ್ಪು ಹೇಳಬೇಕು.

1998ರ ಮುಂಗಾರು. ಆಗ ನಾನು ಕಾರಟಗಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಶಾಲೆಯ ಅಂಗಳದಲ್ಲಿ ಮಳೆಮಾಪಕ ಇತ್ತು. ದಿನಾ ಬೆಳಿಗ್ಗೆ 8:30ಕ್ಕೆ ಅಳೆಯುವುದು, ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಪಾಲಿನ ಕೆಲಸ. ಜೂನ್ ಮೊದಲ ವಾರ ಅಳತೆ ಜಾರ್ ತೊಳೆಯುವಾಗ ಕೈಜಾರಿ ಬಿತ್ತು. ಇನ್ನೊಂದು ಊರಿನ ಗೆಳೆಯರ ಹತ್ತಿರ ಹೆಚ್ಚಿನದೊಂದು ಇತ್ತು, ಕೇಳಿ ತಂದೆ. ಚೊಕ್ಕ ಜಾರ್, ಗೆರೆಗಳು ನುಣುಪಾಗಿ ಕಾಣುತ್ತಿದ್ದವು. ಇಡೀ ಮುಂಗಾರು ಅದರಲ್ಲೇ ಅಳೆದೆ. ನೀರಿನ ಮಟ್ಟಕ್ಕೆ ಸರಿಯಾಗಿ ಕಣ್ಣಿಟ್ಟು, ಬಾಗಿದ ನೀರಿನ ತಳದ ಗೆರೆಯನ್ನೇ ಓದಿ, ದಶಾಂಶದವರೆಗೆ ಬರೆದೆ. ನಮ್ಮ ಹಳ್ಳಿಗೆ ಆ ವರ್ಷ ಬಂಪರ್ ಮಳೆ. ಸೆಪ್ಟೆಂಬರಿನಲ್ಲಿ ಒಂದು ರಾತ್ರಿ ನಮ್ಮಲ್ಲಿ 44 ಮಿ.ಮೀ., ಮೂರು ಕಿಲೋಮೀಟರ್ ಆಚೆಯ ಕಾಲುವೆ ಕ್ಯಾಂಪಿನಲ್ಲಿ 21. ಮೊದಲು ಅವರನ್ನೇ ಬೈದೆ. ಅಳತೆ ಬರಲ್ಲ ಇವರಿಗೆ ಅಂತ.

ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಪ್ರಯೋಗಾಲಯದ ಸಿಲಿಂಡರಿನಲ್ಲಿ ಸರಿಯಾಗಿ 200 ಮಿಲಿಲೀಟರ್ ನೀರು ಅಳೆದು ಮಾಪಕದ ಬಾಯಿಗೆ ಸುರಿದೆ. ನಮ್ಮ ಮಾಪಕದ ಬಾಯಿ 200 ಚದರ ಸೆಂಟಿಮೀಟರ್. ಅಂದರೆ ಅದು 10 ಮಿ.ಮೀ. ಮಳೆಗೆ ಸಮ. ಜಾರ್ ತೋರಿಸಿದ್ದು 20. ಅದು 100 ಚದರ ಸೆಂಟಿಮೀಟರ್ ಬಾಯಿಯ ಮಾಪಕಕ್ಕೆ ಮಾಡಿದ ಜಾರ್ ಆಗಿತ್ತು. ಜಾರಿನಲ್ಲಿ ತಪ್ಪಿಲ್ಲ, ನನ್ನ ಕಣ್ಣಲ್ಲಿ ತಪ್ಪಿಲ್ಲ, ಶ್ರದ್ಧೆಯಲ್ಲಂತೂ ತಪ್ಪೇ ಇಲ್ಲ. ನಾಲ್ಕು ತಿಂಗಳ ಲೆಕ್ಕವನ್ನೆಲ್ಲ ಕೆಂಪು ಶಾಯಿಯಲ್ಲಿ ಅರ್ಧ ಮಾಡಿದೆ. ಹೆಡ್‌ಮಾಸ್ಟರು ನೋಡಿ, "ನಮ್ಮೂರಿಗೆ ಬರ ತಂದ್ಯಲ್ಲಪ್ಪ ಒಂದ ದಿನದಾಗ" ಅಂದರು.

ಇನ್ನು ವಾರ್ಡಿಮನ್ನರ ಎರಡನೆಯ ಪುಟ.

1980ರ ದಶಕದಲ್ಲಿ ಅವರು ಕ್ಯಾಲಿಫೋರ್ನಿಯಾದ ಸ್ಯಾಂಟಿಯಲ್ಲಿದ್ದ ಇನ್‌ಸ್ಟಿಟ್ಯೂಟ್ ಫಾರ್ ಕ್ರಿಯೇಶನ್ ರಿಸರ್ಚ್ ಸೇರಿದರು, ಮುಂದೆ ಅಲ್ಲಿ ಖಗೋಳ-ಭೂಭೌತ ವಿಭಾಗದ ಮುಖ್ಯಸ್ಥರಾದರು. ಆ ಸಂಸ್ಥೆಯನ್ನು 1970ರಲ್ಲಿ ಕಟ್ಟಿದವರು ಹೆನ್ರಿ ಮಾರಿಸ್. ಅವರೂ ನೀರಿನವರೇ, ಹೈಡ್ರಾಲಿಕ್ ಎಂಜಿನಿಯರ್. ಮುನಿರಾಬಾದಿನ ಡ್ಯಾಮ್ ನೋಡಿ ಬೆಳೆದ ನಮ್ಮ ಹುಡುಗರಿಗೆ ಇದು ಕೂಡಲೇ ಹಿಡಿಸುತ್ತದೆ: ಇಬ್ಬರೂ ನೀರನ್ನು ಬಲ್ಲವರು, ಇಬ್ಬರೂ ಒಂದು ಮಹಾಪ್ರಳಯದ ಕಥೆಗೆ ತಮ್ಮ ವಿದ್ಯೆ ತಂದು ಜೋಡಿಸಿದವರು.

ಎರಡನೆಯ ಕಾಲಂನಲ್ಲಿ ಒಂದು ಮಾತು ತಪ್ಪದೆ ಬರೆಯಿರಿ. ಈ ಸಂಸ್ಥೆಯಲ್ಲಿ ಕೆಲಸ ಮಾಡುವವರು ಸೃಷ್ಟಿಯ ಬಗ್ಗೆ ಬೈಬಲ್ ಹೇಳುವುದೆಲ್ಲ ನಿಜ ಎಂಬ ಸಿದ್ಧಾಂತಗಳಿಗೆ ಮೊದಲೇ ಒಪ್ಪಿಗೆ ಕೊಟ್ಟಿರುತ್ತಾರೆ. ಅಂದರೆ ಉತ್ತರ ಪತ್ರಿಕೆ ಮೊದಲೇ ಬರೆದಿದೆ. ಸಂಶೋಧನೆ ಮಾಡುವುದು ಅದಕ್ಕೆ ಹೊಂದುವ ಪ್ರಶ್ನೆಗೆ. ಇದನ್ನು ಬೈಗುಳದಂತೆ ಬರೆಯಬೇಡಿ, ಮಾಪಕದ ಬಾಯಿಯ ಅಳತೆ ಬರೆದಂತೆ ಬರೆಯಿರಿ. ಮುಂದೆ ಟೆಕ್ಸಾಸ್‌ಗೆ ಹೋದ ಈ ಸಂಸ್ಥೆ ವಿಜ್ಞಾನ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ ಕೊಡಲು ಅನುಮತಿ ಕೇಳಿದಾಗ ಟೆಕ್ಸಾಸ್‌ನ ಉನ್ನತ ಶಿಕ್ಷಣ ಮಂಡಳಿ 2008ರಲ್ಲಿ ನಿರಾಕರಿಸಿತು. ಅದೂ ಅದೇ ಕಾಲಂಗೆ.

ಅವರದೇ ಲೆಕ್ಕ ಅವರಿಗೇ ಅಡ್ಡ ಬಂದ ಜಾಗ

ಇಂಥ ಬದುಕು ಓದುವಾಗ ಹುಡುಕಬೇಕಾದ ಜಾಗ ಇದೇ. ತಾನು ಬಯಸಿದ್ದಕ್ಕೆ ವಿರುದ್ಧವಾದ ಉತ್ತರ ಬಂದಾಗ ಆ ಮನುಷ್ಯ ಅದನ್ನು ಮುಚ್ಚಿಟ್ಟನೋ, ಬರೆದನೋ? ವಾರ್ಡಿಮನ್ ಬರೆದರು. ಅವರ ಪುಟವನ್ನು ನಾನು ಆರಿಸಿಕೊಂಡದ್ದು ಇದಕ್ಕೇ.

ಬೈಬಲಿನ ಮೊದಲ ಪುಸ್ತಕದಲ್ಲಿ ಆಕಾಶದ ಮೇಲಿನ ನೀರು ಎಂಬ ಮಾತು ಬರುತ್ತದೆ. ನೋಹನ ಕಾಲಕ್ಕೆ ನಲವತ್ತು ಹಗಲು ನಲವತ್ತು ರಾತ್ರಿ ಮಳೆ. ಅಷ್ಟು ನೀರು ಎಲ್ಲಿಂದ ಬಂತು? ಪ್ರಳಯಕ್ಕೆ ಮೊದಲು ಭೂಮಿಯ ಸುತ್ತ ನೀರಾವಿಯ ದಪ್ಪ ಚಪ್ಪರ ಇತ್ತು, ಅದು ಕುಸಿದು ಮಳೆಯಾಯಿತು ಎಂದು ಸೃಷ್ಟಿವಾದಿಗಳಲ್ಲಿ, ಅಂದರೆ ಬೈಬಲಿನ ಸೃಷ್ಟಿಕಥೆಯೇ ವಿಜ್ಞಾನ ಎನ್ನುವವರಲ್ಲಿ, ಹಲವರು ಬಹಳ ಕಾಲ ಹೇಳುತ್ತಿದ್ದರು. ಕೇಳಲು ಚೆಂದದ ಊಹೆ. ಹವಾಮಾನ ಬಲ್ಲ ವಾರ್ಡಿಮನ್ ಮತ್ತು ಅವರ ಜೊತೆಗಾರರು ಇದನ್ನು ಕಂಪ್ಯೂಟರ್ ಮಾದರಿಯಲ್ಲಿ ಹಾಕಿ ನೋಡಿದರು. 1990ರಲ್ಲಿ ಸೃಷ್ಟಿವಾದಿಗಳ ಸಮ್ಮೇಳನದಲ್ಲೇ ಫಲಿತಾಂಶ ಓದಿದರು. ನೀರಾವಿ ಶಾಖವನ್ನು ಹಿಡಿದಿಡುವ ಅನಿಲ. ಚಪ್ಪರ ದಪ್ಪವಾದಷ್ಟೂ ಕೆಳಗಿನ ನೆಲ ಕಾದ ಹಂಚಾಗುತ್ತದೆ. ಜೀವ ಉಳಿಯುವಷ್ಟು ತಂಪು ಬೇಕೆಂದರೆ ಅದರಲ್ಲಿ ಒಂದು ಮೀಟರಿಗಿಂತ ಕಡಿಮೆ ಮಳೆಯಾಗುವಷ್ಟು ನೀರನ್ನಷ್ಟೇ ಇಡಬಹುದು. ಜಗತ್ತನ್ನು ಮುಳುಗಿಸುವ ಮಾತು ದೂರ ಉಳಿಯಿತು. ಆಮೇಲೆ ಅವರ ಬಳಗದಲ್ಲೇ ಹೆಚ್ಚಿನವರು ಚಪ್ಪರದ ಮಾತು ಕೈಬಿಟ್ಟರು.

ಈ ಲೆಕ್ಕದ ಒಂದು ತುಣುಕು ಪಿಯುಸಿ ಹುಡುಗರ ಕೈಯಲ್ಲೇ ಆಗುತ್ತದೆ. ಸ್ಲೇಟು ತೆಗೆದುಕೊಳ್ಳಿ.

ಒಂದು ಚದರ ಮೀಟರ್ ನೆಲದ ಮೇಲೆ ನಿಂತ ಗಾಳಿಯ ತೂಕ ಸುಮಾರು 10 ಟನ್. ಮಕ್ಕಳು ಇದನ್ನು ಒಪ್ಪುವುದಿಲ್ಲ; ವಾಯುಭಾರವನ್ನು ಗುರುತ್ವದಿಂದ ಭಾಗಿಸಿ ತೋರಿಸಿ. ಅಷ್ಟು ಗಾಳಿಯನ್ನು 1 ಡಿಗ್ರಿ ಬಿಸಿ ಮಾಡಲು ಸುಮಾರು 1 ಕೋಟಿ ಜೌಲ್ ಬೇಕು. ಇನ್ನು ಒಂದು ಕಿಲೋ ಆವಿ ನೀರಾಗಿ ಇಳಿಯುವಾಗ ಸುಮಾರು 25 ಲಕ್ಷ ಜೌಲ್ ಶಾಖ ಹೊರಬಿಡುತ್ತದೆ. ಒಂದು ಮೀಟರ್ ಮಳೆ ಅಂದರೆ ಚದರ ಮೀಟರಿಗೆ 1000 ಕಿಲೋ ನೀರು. ಗುಣಿಸಿ: 250 ಕೋಟಿ ಜೌಲ್. ಭಾಗಿಸಿ: 250 ಡಿಗ್ರಿ. ಶಾಖ ಬಾಹ್ಯಾಕಾಶಕ್ಕೆ ತಪ್ಪಿಸಿಕೊಳ್ಳದಿದ್ದರೆ ಒಂದೇ ಒಂದು ಮೀಟರ್ ಚಪ್ಪರ ಇಳಿದರೂ ಗಾಳಿ 250 ಡಿಗ್ರಿ ಕಾಯುತ್ತದೆ. ಒಂದಷ್ಟು ಶಾಖ ತಪ್ಪಿಸಿಕೊಳ್ಳುತ್ತದೆ ಅನ್ನಿ, ಅರ್ಧ ಹಿಡಿಯಿರಿ, ಆದರೂ ಉಳಿಯುವವರಾರು? ಹುಡುಗಿ ಸ್ಲೇಟು ನೋಡಿ "ರಾಯಚೂರಿನ ಮೇ ತಿಂಗಳು ಏನೂ ಅಲ್ಲ ಹಂಗಾರ" ಅಂದಳು.

ಈಗ ಮಳೆಮಾಪಕದ ಹತ್ತಿರ ಕರೆದುಕೊಂಡು ಹೋಗಿ. ಇವತ್ತು ಲೋಕದ ಗಾಳಿಯಲ್ಲಿರುವ ಅಷ್ಟೂ ಆವಿಯನ್ನು ಹಿಂಡಿ ಭೂಮಿಯ ಮೇಲೆಲ್ಲ ಸಮನಾಗಿ ಸುರಿದರೆ ಮಾಪಕದಲ್ಲಿ ನಿಲ್ಲುವುದು ಸರಾಸರಿ 25 ಮಿ.ಮೀ. ಮಾತ್ರ. ನಮ್ಮ ಒಂದು ಗುಡುಗಿನ ಮಳೆಯಷ್ಟು. ಹಾಗಾದರೆ 2009ರಲ್ಲಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ರಾಯಚೂರು, ಕೊಪ್ಪಳ, ಬಳ್ಳಾರಿಯನ್ನು ಮುಳುಗಿಸಿ, ತುಂಗಭದ್ರೆಯನ್ನು ಮಂತ್ರಾಲಯದೊಳಗೆ ನುಗ್ಗಿಸಿದ ಮಳೆ ಎಲ್ಲಿಂದ ಬಂತು? ಗಾಳಿ ಕಡಲಿನಿಂದ ಆವಿಯನ್ನು ಎಡೆಬಿಡದೆ ಹೊತ್ತು ತರುತ್ತಿತ್ತು, ಒಂದೇ ಜಾಗದಲ್ಲಿ ಇಳಿಸುತ್ತಿತ್ತು. ಒಂದು ಕಡೆ ಹೆಚ್ಚು ಸುರಿಯಬೇಕಾದರೆ ಇನ್ನೊಂದು ಕಡೆ ಬರಿದಾಗಲೇಬೇಕು. ಇದು ತಿಳಿದ ಮಗುವಿಗೆ ಚಪ್ಪರದ ತೊಡಕು ಯಾರೂ ಹೇಳದೆ ತಿಳಿಯುತ್ತದೆ.

ಎರಡನೆಯ ಜಾಗ ಬಂಡೆಗಳ ವಯಸ್ಸಿನದು. 1997ರಿಂದ 2005ರವರೆಗೆ 'ರೇಟ್' ಎಂಬ ಯೋಜನೆ ನಡೆಯಿತು. ವಾರ್ಡಿಮನ್ ಅದರ ಮುಂದಾಳುಗಳಲ್ಲಿ ಒಬ್ಬರು. ಯುರೇನಿಯಂ ಕ್ಷಯಿಸಿ, ಅಂದರೆ ತಾನಾಗಿ ಒಡೆದು, ಸೀಸವಾಗುವ ಲೆಕ್ಕದ ಮೇಲೆ ಭೂಮಿಗೆ ಕೋಟಿಗಟ್ಟಲೆ ವರ್ಷ ಎನ್ನುವುದು ಸರಿಯೇ ಎಂದು ಪರೀಕ್ಷಿಸುವುದು ಉದ್ದೇಶ. ಅವರು ಕೊನೆಗೆ ಬರೆದದ್ದನ್ನು ಮೂರು ತುಂಡಾಗಿ ನಕಲು ಮಾಡಿಕೊಳ್ಳಿ. ಇವತ್ತಿನ ವೇಗದಲ್ಲಿ ನಡೆದಿದ್ದರೆ ಹತ್ತಾರು ಕೋಟಿ ವರ್ಷ ಹಿಡಿಯುವಷ್ಟು ಕ್ಷಯ ಬಂಡೆಗಳಲ್ಲಿ ನಿಜಕ್ಕೂ ನಡೆದಿದೆ ಎಂದು ಒಪ್ಪಿದರು. ಹಾಗಾಗಿ ಹಿಂದೊಮ್ಮೆ ಕ್ಷಯದ ವೇಗ ವಿಪರೀತ ಹೆಚ್ಚಿತ್ತು ಅಂದರು. ಅಷ್ಟು ವೇಗದಲ್ಲಿ ಹುಟ್ಟುವ ಶಾಖ ಎಲ್ಲಿ ಹೋಯಿತು ಎಂಬುದು ಬಗೆಹರಿಯದ ಸಮಸ್ಯೆ ಎಂದೂ ತಾವೇ ಬರೆದರು. ಚಪ್ಪರದಲ್ಲಿ ಶಾಖ, ಇಲ್ಲೂ ಶಾಖ. ಚಪ್ಪರದ ಸಲ ಊಹೆಯನ್ನೇ ಬಿಟ್ಟರು. ಈ ಸಲ ಊಹೆ ಉಳಿಯಿತು, ಸಮಸ್ಯೆಯನ್ನು ಮುಂದಿನವರಿಗೆ ಬಿಟ್ಟರು. ಎರಡನ್ನೂ ಅಕ್ಕಪಕ್ಕ ಬರೆದರೆ ಮನುಷ್ಯ ಪೂರ್ತಿ ಕಾಣುತ್ತಾನೆ.

ಆಮೇಲಿನ ವರ್ಷಗಳಲ್ಲಿ ಅವರು ಮತ್ತೆ ಬೆಟ್ಟದ ಹಿಮಕ್ಕೆ ಮರಳಿದರು. ಹವಾಮಾನ ಇಲಾಖೆಗಳು ಬಳಸುವಂಥದೇ ಮಾದರಿ ತೆಗೆದುಕೊಂಡು, ಪ್ರಳಯದ ನಂತರ ಕಡಲು ಬಿಸಿಯಾಗಿತ್ತು ಎಂದು ಇಟ್ಟುಕೊಂಡು, ಕಡಲಿನ ಶಾಖವನ್ನು ಏರಿಸಿ, ಯೊಸೆಮಿಟಿಯಲ್ಲಿ ಎಷ್ಟು ಹಿಮ ಬೀಳಬಹುದು ಎಂದು ನೋಡಿದರು. ಬಹಳ ಬೀಳುತ್ತದೆ ಎಂದು ಉತ್ತರ. ಸರಿಯೇ, ಬಿಸಿ ಕಡಲು ಹೆಚ್ಚು ಆವಿ ಕೊಡುತ್ತದೆ. ಮಾದರಿ ಒಳ್ಳೆಯದು, ಅದನ್ನು ಓಡಿಸುವ ಕೈ ಪಳಗಿದ್ದು. ಆದರೆ ಕಡಲು ಅಷ್ಟು ಕಾದಿತ್ತು ಎಂಬ ಅಂಕಿ ಎಲ್ಲಿಂದ ಬಂತು? ನನ್ನ ಹುಡುಗಿ ನಾಲ್ಕನೆಯ ಕಾಲಂನಲ್ಲಿ ನನಗೆ ಹೇಳದೆಯೇ ಬರೆದಳು: '100ರ ಜಾರ್, 200ರ ಬಾಯಿ'.

ನಮ್ಮ ಊರಿನ ಗಡಿಯಾರಗಳು

ಕಾಗದದ ಕೆಲಸ ಮುಗಿದ ಮೇಲೆ ಹೊರಗೆ ಹೋಗಿ. ವಯಸ್ಸು ಹೇಳುವ ವಸ್ತುಗಳು ನಮ್ಮ ಮೂರು ಜಿಲ್ಲೆಗಳಲ್ಲೇ ಬಿದ್ದಿವೆ. ಆದರೆ ಮೊದಲು ಮೋಸ ಮಾಡುವ ಗಡಿಯಾರವನ್ನೇ ತೋರಿಸಿ.

ಟಿ.ಬಿ. ಡ್ಯಾಮಿನ, ಅಂದರೆ ಮುನಿರಾಬಾದಿನ ತುಂಗಭದ್ರಾ ಡ್ಯಾಮಿನ ಹೂಳು. 1953ರಲ್ಲಿ ಸಾಮರ್ಥ್ಯ ಸುಮಾರು 133 ಟಿಎಂಸಿ. 2008ರ ಸಮೀಕ್ಷೆಯಲ್ಲಿ 100.855. ಕಳೆದು, ವರ್ಷಗಳಿಂದ ಭಾಗಿಸಿ, ಡ್ಯಾಮ್ ಯಾವಾಗ ತುಂಬಿಹೋಗುತ್ತದೆ ಎಂದು ಕೇಳಿ. ಮಕ್ಕಳು ಥಟ್ಟನೆ ಇಸವಿ ಹೇಳುತ್ತಾರೆ. ಆಮೇಲೆ 2016ರ ಸಮೀಕ್ಷೆಯ ಅಂಕಿ ಕೊಡಿ: 105.788. ಯಾರೂ ಹೂಳು ಎತ್ತಲಿಲ್ಲ, ಆದರೂ ಹೂಳು ಕಡಿಮೆ ಆಯಿತೇ? ತರಗತಿ ಗಲಿಬಿಲಿಗೊಳ್ಳಬೇಕು, ಬಿಡಿ. ಎರಡು ಸಲ ಅಳೆದರೆ ಎರಡು ಅಂಕಿ ಬರುತ್ತವೆ. ಹೂಳು ಪ್ರತಿ ವರ್ಷ ಒಂದೇ ಸಮನೆ ಬೀಳುವುದೂ ಇಲ್ಲ. 'ಹಿಂದೆ ವೇಗ ಬೇರೆ ಇದ್ದಿರಬಹುದಲ್ಲ?' ಎಂದು ಸೃಷ್ಟಿವಾದಿಗಳು ಕೇಳುವುದು ಹೂಳಿನ ಮಟ್ಟಿಗೆ ನ್ಯಾಯವಾದ ಪ್ರಶ್ನೆ. ನ್ಯಾಯವಾದ ಪ್ರಶ್ನೆ ಅಂತಲೇ ಹೇಳಿ.

ಅದಕ್ಕೆ ಉತ್ತರ ಒಂದೇ: ಒಬ್ಬ ಸಾಕ್ಷಿಯನ್ನು ನಂಬಬೇಡ, ಒಬ್ಬರಿಗೊಬ್ಬರು ಪರಿಚಯವಿಲ್ಲದ ಇಬ್ಬರನ್ನು ಕರೆ. ಆನೆಗುಂದಿಯ ಗ್ರಾನೈಟ್ ಕಲ್ಲಿನ ಗುಡ್ಡಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಅಂಥ ಕಲ್ಲಿನಲ್ಲಿ ಜಿರ್ಕಾನ್ ಎಂಬ ಸಾಸಿವೆಗಿಂತ ಸಣ್ಣ ಹರಳು ಇರುತ್ತದೆ. ಅದರೊಳಗೆ ಎರಡು ಬಗೆಯ ಯುರೇನಿಯಂ: ಒಂದು ಅರ್ಧಕ್ಕೆ ಇಳಿಯಲು 447 ಕೋಟಿ ವರ್ಷ, ಇನ್ನೊಂದಕ್ಕೆ 70 ಕೋಟಿ. ಎರಡೂ ಬೇರೆ ಬೇರೆ ವೇಗದ ಗಡಿಯಾರ, ಒಂದೇ ಡಬ್ಬಿಯಲ್ಲಿ. ಎರಡೂ ಒಂದೇ ಹೊತ್ತು ತೋರಿಸಿದರೆ ಅಲ್ಲಿ ಮಾತಿಗೆ ತೂಕ ಬರುತ್ತದೆ. ನಾನು 44 ಬರೆದ ದಿನ ಕಾಲುವೆ ಕ್ಯಾಂಪಿನವರು ನನಗೆ ಎರಡನೆಯ ಗಡಿಯಾರವಾಗಿದ್ದರು, ನಾನು ಅವರನ್ನು ಬೈದಿದ್ದೆ.

ಹತ್ತಿರದ ಕಾಲಕ್ಕೆ ಕಾರ್ಬನ್-14. ಅರ್ಧಕ್ಕೆ ಇಳಿಯಲು 5730 ವರ್ಷ. ಹಾಗಾಗಿ ಕಲ್ಲಿಗೆ ಅಲ್ಲ, ಕಟ್ಟಿಗೆ-ಇದ್ದಿಲಿಗೆ. ಲಿಂಗಸುಗೂರು ಹತ್ತಿರದ ಹಟ್ಟಿಯಲ್ಲಿ ಹಳೆಯ ಚಿನ್ನದ ಗುಂಡಿಗಳೊಳಗೆ ಸಿಕ್ಕ ಆಸರೆ ಮರದ ತುಂಡುಗಳು ಸುಮಾರು 2000 ವರ್ಷದವು ಎಂದು ಗೊತ್ತಾದದ್ದು ಹೀಗೆ.

ಬೈಬಲಿನ ಮಾತಾದರೆ ನಗುತ್ತೇವೆ, ನಮ್ಮ ಮಾತಾದರೆ ಕೈಮುಗಿಯುತ್ತೇವೆ. ಮಕ್ಕಳು ಇದನ್ನು ಗಮನಿಸುತ್ತಾರೆ. ಆದ್ದರಿಂದ ಇದೇ ನಾಲ್ಕು ಕಾಲಂ ನಮ್ಮದಕ್ಕೂ ಎಳೆಯಿರಿ, ಸಾಧ್ಯವಾದರೆ ಮೊದಲೇ. ಹಂಪಿ ಹತ್ತಿರ ನಿಂಬಾಪುರದಲ್ಲಿ ಒಂದು ಬೂದಿ ದಿಬ್ಬ ಇದೆ. ವಾಲಿಯನ್ನು ಸುಟ್ಟ ಜಾಗ ಅದು ಎಂದು ಜನ ಹೇಳುತ್ತಾರೆ. ನನ್ನ ಅಜ್ಜಿ ಕೂಡ ಹಾಗೇ ಹೇಳಿ ಹಣೆಗೆ ಚಿಟಿಕೆ ಬೂದಿ ಹಚ್ಚಿದ್ದಳು. ಬಳ್ಳಾರಿ ದಾರಿಯ ಕುಡತಿನಿಯಲ್ಲೂ ಅಂಥ ದಿಬ್ಬ ಇದೆ. ಓದಿದವರೇನು ಕಮ್ಮಿಯೇ? ಜ್ವಾಲಾಮುಖಿ ಅಂದರು, ಲೋಹ ಕಾಸಿದ ಕುಲುಮೆ ಅಂದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಇದು ಸುಟ್ಟ ಸಗಣಿ ಅಂದರೂ ಒಪ್ಪುವವರು ಕಡಿಮೆ. 1957ರಲ್ಲಿ ರಾಯಚೂರು ದೋಆಬಿನ ಉಟ್ನೂರಿನಲ್ಲಿ ಪುರಾತತ್ವಜ್ಞ ಆಲ್ಚಿನ್ ಅಗೆದಾಗ ಬೂದಿಯ ಪದರದಲ್ಲಿ ದನದ ಗೊರಸಿನ ಗುರುತು, ಸುತ್ತ ದೊಡ್ಡಿಯ ಗೂಟದ ಕುಳಿ ಸಿಕ್ಕವು. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ದನಗಾಹಿಗಳ ದೊಡ್ಡಿ. ಗೊರಸಿನ ಗುರುತು ನೋಡಿದ ಮೇಲೂ ಅಜ್ಜಿಯ ಬೂದಿ ನನಗೆ ಬೇಡವಾಗಲಿಲ್ಲ. ಅದು ಬೇರೆ ಲೆಕ್ಕದ ಪುಸ್ತಕ. ತರಗತಿಯ ಕ್ರೈಸ್ತ ಮಗುವಿಗೂ ಇದೇ ಅನುಕೂಲ ಕೊಡಬೇಕು. ಚರ್ಚಿಗೆ ಹೋಗುವ ವಿಷಯ ನಮ್ಮ ನಾಲ್ಕು ಕಾಲಂನಲ್ಲಿ ಬರುವುದಿಲ್ಲ.

ಹುಡುಗಿಗೆ ಆ ಸಂಜೆಯ ನಂತರ ಪುಸ್ತಿಕೆಗಿಂತ ಮೋಡದ ಮೇಲೆ ಆಸೆ ಹುಟ್ಟಿತು. ಅಂಥವರು ನಿಮ್ಮಲ್ಲಿದ್ದರೆ ದಾರಿ ಹೀಗಿದೆ: ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ, ಗಣಿತ ಬಿಡಬಾರದು. ಆಮೇಲೆ ವಾತಾವರಣ ವಿಜ್ಞಾನಕ್ಕೆ ಕೊಚ್ಚಿ ವಿಶ್ವವಿದ್ಯಾಲಯ, ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯ. ಸಂಶೋಧನೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ. ಮನೆ ಹತ್ತಿರವೇ ಬೇಕೆಂದರೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಹವಾಮಾನದ ಕೆಲಸ ನಡೆಯುತ್ತದೆ. ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ.

ಅಷ್ಟರವರೆಗೆ ಶಾಲೆಯಲ್ಲೊಂದು ಮಾಪಕ ನೆಡಿಸಿ. ಬಾಯಿ ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿರಲಿ. ಗೋಡೆ, ಬೇವಿನ ಮರ ಏನೇ ಇದ್ದರೂ ಅದರ ಎತ್ತರದ ಎರಡು ಪಟ್ಟು ದೂರ. 2.5 ಮಿ.ಮೀ. ಮುಟ್ಟಿದರೆ ಮಾತ್ರ ಅದು 'ಮಳೆ ದಿನ'. ಮುಟ್ಟದಿದ್ದರೂ ಬಿದ್ದಷ್ಟನ್ನು ಬರೆಯಬೇಕು, ಸೊನ್ನೆಯನ್ನೂ ಬರೆಯಬೇಕು.

ಮೇ ತಿಂಗಳ ರಜೆಯಲ್ಲಿ ಹುಡುಗಿ ಮತ್ತೆ ಬಂದಿದ್ದಳು. ಹಿಂದಿನ ರಾತ್ರಿ ಗಾಳಿ ಎದ್ದು, ಮಾವಿನಕಾಯಿ ಉದುರಿ, ನಾಲ್ಕು ಹನಿ ಬಿದ್ದಿತ್ತು. ಬೆಳಿಗ್ಗೆ 8:30ಕ್ಕೆ ನಾನು ಪೇಪರಿನಿಂದ ತಲೆ ಎತ್ತುವ ಮೊದಲೇ ಅಂಗಳಕ್ಕೆ ಇಳಿದಳು. ನೀರು ಸುರಿಯುವ ಮೊದಲು ಜಾರನ್ನು ಬೆಳಕಿಗೆ ಹಿಡಿದು ಹೊರಳಿಸಿ ನೋಡಿದಳು.

"200 ಐತ್ರಿ ಸರ," ಅಂದಳು. ಆಮೇಲೆ ಸುರಿದು ಓದಿದಳು: 4.2.